ಮುದ್ರೆ ಒತ್ತಿದವರು ಯಾರು?

ಕಳೆದ ವಾರ ನಮ್ಮ ಪತ್ರಿಕೆಯ ಕಚೇರಿಗೆ ಒಬ್ಬ ಹಿರಿಯರು ಬಂದಿದ್ದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಿಲ್ಲಿನ ನೇಯ್ಗೆ ಖಾತೆಯಲ್ಲಿ ದುಡಿದವರು. ಸಕ್ಕರೆ ಕಾಯಿಲೆಯಿಂದ ಈಗ ಅವರ ಎರಡು ಕಣ್ಣೂ ಹೋಗಿವೆ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆಯನ್ನು ಮೊಮ್ಮಗಳು ಅವರ ಫೋನಿಗೆ ಹಾಕಿಕೊಟ್ಟಿದ್ದಾಳೆ. ಅದರ ನೆರವಿನಿಂದ ಅವರು ದಿನದ ಸುದ್ದಿ ಕೇಳುತ್ತಾರೆ, ನೆಂಟರಿಷ್ಟರ ಸಂದೇಶ ಕೇಳುತ್ತಾರೆ, ಯಾರ ಹಂಗಿಲ್ಲದೆ ಉತ್ತರವನ್ನೂ ಕಳಿಸುತ್ತಾರೆ. ಆದರೆ ಪಿಂಚಣಿಯ ಒಂದು ಅರ್ಜಿಯನ್ನು ಇಲಾಖೆಯೊಂದರ ಜಾಲತಾಣದಲ್ಲಿ ತುಂಬಲು ಹೋಗಿ ಮೂರು ದಿನ ಹೆಣಗಿ ಸೋತಿದ್ದರು. ಪುಟದಲ್ಲಿದ್ದ ಗುಂಡಿಗಳಿಗೆ ಹೆಸರಿಲ್ಲ. ಯಂತ್ರ ಬರಿದೆ 'ಬಟನ್, ಬಟನ್' ಎಂದು ಹೇಳುತ್ತದೆ. ಕೊನೆಯಲ್ಲಿ ಸೊಟ್ಟಂಬಟ್ಟ ಅಕ್ಷರಗಳ ಚಿತ್ರವೊಂದನ್ನು ನೋಡಿ ಬರೆಯಬೇಕು. ಕಣ್ಣಿಲ್ಲದವನು ಚಿತ್ರ ನೋಡುವುದು ಹೇಗೆ?

ಆ ಪುಟದ ಅಡಿಯಲ್ಲಿ ಏನು ಬರೆದಿದೆ ನೋಡಿ ಎಂದು ಅವರು ನಮ್ಮ ಕೈಗೆ ಫೋನು ಕೊಟ್ಟರು. ಅಂಗವಿಕಲರೂ ಬಳಸುವಂತೆ ಅಂತರರಾಷ್ಟ್ರೀಯ ಮಾನದಂಡಕ್ಕೆ ಅನುಗುಣವಾಗಿ ಈ ತಾಣವನ್ನು ಸಿದ್ಧಪಡಿಸಲಾಗಿದೆ ಎಂಬ ಅರ್ಥದ ಒಂದು ವಾಕ್ಯವಿತ್ತು. ಪಕ್ಕದಲ್ಲಿ ಒಂದು ಚಿಕ್ಕ ಮುದ್ರೆಯ ಚಿತ್ರ. ನಾವು ಓದಿ ಹೇಳಿದೆವು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಪರೀಕ್ಷೆ ಮಾಡಿ ಸರಿ ಐತಿ ಅಂದವರು ಯಾರಪ್ಪಾ? ಅವರ ಹೆಸರು ಬರೆದೈತೇನು?" ಎಂದು ಕೇಳಿದರು.

ಹೆಸರಿರಲಿಲ್ಲ. ತಾರೀಖೂ ಇರಲಿಲ್ಲ. ಯಾವ ಪುಟವನ್ನು ಪರೀಕ್ಷಿಸಿದರು, ಹೇಗೆ ಪರೀಕ್ಷಿಸಿದರು ಎಂಬುದರ ಸುಳಿವೂ ಇರಲಿಲ್ಲ. 'ಸಿದ್ಧಪಡಿಸಲಾಗಿದೆ' ಎಂಬ ಕರ್ತೃವಿಲ್ಲದ ಕ್ರಿಯಾಪದವೊಂದೇ ಅಲ್ಲಿತ್ತು. ಅಧಿಕಾರಶಾಹಿಗೆ ಬಹು ಪ್ರಿಯವಾದ ಕ್ರಿಯಾಪದ ಅದು: 'ಪರಿಶೀಲಿಸಲಾಗಿದೆ', 'ಕ್ರಮ ಕೈಗೊಳ್ಳಲಾಗುವುದು', 'ಖಾತರಿಪಡಿಸಿಕೊಳ್ಳಲಾಗಿದೆ'. ಮಾಡಿದವನು ಯಾರೆಂದು ಕೇಳಿದರೆ ವಾಕ್ಯದೊಳಗೆ ಯಾರೂ ಇಲ್ಲ.

ಹಿರಿಯರ ಪ್ರಶ್ನೆ ಮಿಲ್ಲಿನಲ್ಲಿ ಹುಟ್ಟಿದ ಪ್ರಶ್ನೆ. ಬಟ್ಟೆಯಲ್ಲಿ ಒಂದು ಎಳೆ ತಪ್ಪಿದರೆ ಅದು ಯಾವ ಮಗ್ಗ, ಯಾವ ಪಾಳಿ, ಯಾರ ಕೈ ಎಂಬುದನ್ನು ಹುಡುಕಿ ತೆಗೆದು ಸಂಬಳದಲ್ಲಿ ಮುರಿದುಕೊಳ್ಳುವ ಪದ್ಧತಿಯನ್ನು ನಮ್ಮ ಕಾರ್ಮಿಕ ಬಂಧುಗಳು ಚೆನ್ನಾಗಿ ಬಲ್ಲರು. ದುಡಿಯುವವನ ತಪ್ಪಿಗೆ ಹೆಸರುಂಟು, ನಂಬರುಂಟು, ತಾರೀಖುಂಟು. ಆದರೆ 'ಎಲ್ಲವೂ ಸರಿಯಾಗಿದೆ' ಎಂದು ಮೇಲೆ ಕುಳಿತು ಮುದ್ರೆ ಒತ್ತುವವನಿಗೆ ಮಾತ್ರ ಹೆಸರಿಲ್ಲ. ಇದು ಯಾವ ನ್ಯಾಯ ಎಂದು ನಾವು ಕೇಳುತ್ತೇವೆ.

ಇದೇನು ದೊಡ್ಡ ವಿಷಯವೇ, ಬೆಲೆಯೇರಿಕೆ, ಬೋನಸ್ಸು, ಗುತ್ತಿಗೆ ಪದ್ಧತಿ ಇವೆಲ್ಲ ಇರುವಾಗ ಜಾಲತಾಣದ ಮುದ್ರೆಯ ಚರ್ಚೆ ಯಾತಕ್ಕೆ ಎಂದು ಕೆಲವು ಸಂಗಾತಿಗಳು ಕೇಳಬಹುದು. ಅವರಿಗೆ ನಮ್ಮ ಉತ್ತರ ಇಷ್ಟು. ಇಂದು ಪಡಿತರ, ಪಿಂಚಣಿ, ಭವಿಷ್ಯನಿಧಿ, ವಿದ್ಯಾರ್ಥಿ ವೇತನ, ಬ್ಯಾಂಕಿನ ಖಾತೆ, ರೈಲ್ವೆ ಟಿಕೀಟು ಎಲ್ಲದರ ಬಾಗಿಲೂ ಜಾಲತಾಣವೇ ಆಗಿದೆ. ಹಿಂದೆ ಕಚೇರಿಯ ಮೆಟ್ಟಿಲು ಹತ್ತಲಾಗದವನಿಗೆ ಗುಮಾಸ್ತನಾದರೂ ಕೆಳಗಿಳಿದು ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವ ಸಾಧ್ಯತೆಯಿತ್ತು. ಈ ಹೊಸ ಬಾಗಿಲಿನ ಹಿಂದೆ ಗುಮಾಸ್ತನೂ ಇಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದರು. ಅವರಲ್ಲಿ ದೃಷ್ಟಿದೋಷವುಳ್ಳವರೇ 50 ಲಕ್ಷಕ್ಕೂ ಹೆಚ್ಚು. ನಮ್ಮ ಕರ್ನಾಟಕದಲ್ಲಿ ಎಣಿಕೆಗೆ ಸಿಕ್ಕಿದ ಅಂಗವಿಕಲರು 13 ಲಕ್ಷ 24 ಸಾವಿರ. ಇವರಲ್ಲಿ ಯಂತ್ರಕ್ಕೆ ಬೆರಳು ಕೊಟ್ಟವರೆಷ್ಟು, ಕಿವಿ ಕೊಟ್ಟವರೆಷ್ಟು, ಹತ್ತಿಯ ಧೂಳಿನಲ್ಲಿ, ಬಣ್ಣದ ಖಾತೆಯಲ್ಲಿ ದೇಹವನ್ನು ಸವೆಸಿದವರೆಷ್ಟು ಎಂಬುದನ್ನು ಯಾರೂ ಲೆಕ್ಕ ಹಾಕಿಲ್ಲ. ಕಣ್ಣು ಮಂಜಾಗುವ ವಯಸ್ಸು ನಮಗೆಲ್ಲರಿಗೂ ಬರುವಂಥದೇ.

ಮೊದಲು ಮಾನದಂಡವೆಂದರೆ ಏನು ಎಂಬುದನ್ನು ತಿಳಿಯೋಣ. ಜಾಲವನ್ನು ಕುರಿತ ನಿಯಮಗಳನ್ನು ರೂಪಿಸುವ 'ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ' ಎಂಬ ಅಂತರರಾಷ್ಟ್ರೀಯ ಸಂಸ್ಥೆಯಿದೆ. ಅಂಗವಿಕಲರೂ ಬಳಸುವಂತೆ ಪುಟಗಳನ್ನು ಹೇಗೆ ಕಟ್ಟಬೇಕೆಂಬ ಅದರ ಸೂಚಿಯ ಎರಡನೆಯ ಆವೃತ್ತಿ 2008ರಲ್ಲಿ ಬಂದಿತು. ಅದನ್ನು ವಿಸ್ತರಿಸಿ 2018ರಲ್ಲಿಯೂ 2023ರಲ್ಲಿಯೂ ಹೊಸ ಆವೃತ್ತಿಗಳು ಬಂದವು. ಚಿತ್ರಕ್ಕೆ ಮಾತಿನ ವಿವರಣೆ ಇರಬೇಕು. ಮೌಸು ಹಿಡಿಯಲಾಗದವನು ಕೀಲಿಮಣೆಯಿಂದಲೇ ಎಲ್ಲ ಕೆಲಸ ಮಾಡುವಂತಿರಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಸಾಕಷ್ಟು ಬಣ್ಣದ ಅಂತರವಿರಬೇಕು. ಪುಟ ಯಾವ ಭಾಷೆಯಲ್ಲಿದೆ ಎಂಬುದನ್ನು ಯಂತ್ರಕ್ಕೆ ತಿಳಿಯುವಂತೆ ಗುರುತಿಸಿರಬೇಕು. ಇಂಥ ಹತ್ತಾರು ನಿಯಮಗಳು ಅದರಲ್ಲಿವೆ. ಎ, ಡಬಲ್ ಎ, ತ್ರಿಬಲ್ ಎ ಎಂಬ ಮೂರು ಮಟ್ಟಗಳಿವೆ. ನಮ್ಮ ಕೇಂದ್ರ ಸರಕಾರವೂ ತನ್ನ ಜಾಲತಾಣಗಳಿಗೆಂದು 2009ರಲ್ಲಿ ಮಾರ್ಗಸೂಚಿ ತಂದಿತು. ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂದಿದೆ. ಭಾರತೀಯ ಮಾನಕ ಸಂಸ್ಥೆ 17802 ಎಂಬ ಸಂಖ್ಯೆಯ ಮಾನಕವನ್ನು 2021 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಹೊರಡಿಸಿತು. ಆದುದರಿಂದ ನಿಯಮಗಳಿಗೇನೂ ಬರವಿಲ್ಲ.

ಬರವಿರುವುದು ಹೆಸರಿಗೆ. ಆ ಅಂತರರಾಷ್ಟ್ರೀಯ ಸೂಚಿಯನ್ನೇ ನೋಡಿ. ಒಂದು ತಾಣ ತಾನು ನಿಯಮಕ್ಕೆ ಅನುಗುಣವಾಗಿದ್ದೇನೆಂದು ಸಾರಿಕೊಳ್ಳಬೇಕಾದರೆ ಐದು ವಿವರಗಳನ್ನು ಕೊಡಬೇಕು ಎಂದು ಅದು ಹೇಳುತ್ತದೆ: ಸಾರಿದ ತಾರೀಖು, ಸೂಚಿಯ ಹೆಸರು ಮತ್ತು ಆವೃತ್ತಿ, ತಲುಪಿದ ಮಟ್ಟ, ಯಾವ ಯಾವ ಪುಟಗಳಿಗೆ ಅನ್ವಯ, ಯಾವ ತಂತ್ರಗಳನ್ನು ನಂಬಿ ಕಟ್ಟಲಾಗಿದೆ. ಈ ಐದರಲ್ಲಿ ಸಾರುವವನು ಯಾರು, ಪರೀಕ್ಷಿಸಿದವನು ಯಾರು ಎಂಬುದು ಇಲ್ಲ. ಪುಟದ ಮೇಲೆ ಹಾಕಿಕೊಳ್ಳುವ ಮುದ್ರೆಯ ಚಿತ್ರವನ್ನೂ ಆ ಸಂಸ್ಥೆ ಪರೀಕ್ಷಿಸಿ ಕೊಡುವುದಿಲ್ಲ. ತಾಣದ ಯಜಮಾನನೇ ತನ್ನ ಹೊಣೆಯ ಮೇಲೆ ಅಂಟಿಸಿಕೊಳ್ಳಬಹುದು. ಅಂಗಡಿಯವನೇ ತನ್ನ ತಕ್ಕಡಿಗೆ ತಾನೇ ಮುದ್ರೆ ಒತ್ತಿಕೊಂಡಂತೆ!

ತಕ್ಕಡಿಯ ಮಾತು ಬಂದುದರಿಂದ ನಮ್ಮ ವರ್ತಕ ಮಿತ್ರರನ್ನೇ ಸಾಕ್ಷಿಗೆ ಕರೆಯುತ್ತೇವೆ. ಸಂತೆಯಲ್ಲಿ ಸೊಪ್ಪು ಮಾರುವ ತಾಯಿಯ ತೂಕದ ಕಲ್ಲಿಗೂ ಸರಕಾರದ ಮುದ್ರೆ ಬೇಕು. ತೂಕ ಮತ್ತು ಅಳತೆಯ ಕಾಯಿದೆಯ ಪ್ರಕಾರ ಆ ಮುದ್ರೆಯಲ್ಲಿ ಪರೀಕ್ಷಿಸಿದ ಅಧಿಕಾರಿಗೆ ಗೊತ್ತುಪಡಿಸಿದ ಸಂಖ್ಯೆಯಿರುತ್ತದೆ, ಯಾವ ವರ್ಷದ ಯಾವ ಕಾಲಾವಧಿಯದೆಂಬ ಗುರುತಿರುತ್ತದೆ. ಅವಧಿ ತೀರಿದ ಮುದ್ರೆಯಿದ್ದರೆ ದಂಡ. ಅದೇ ರೀತಿ ಚಿನ್ನದ ವಿಷಯ ನೋಡಿ. 2021ರಿಂದ ಹಾಲ್‌ಮಾರ್ಕ್ ಕಡ್ಡಾಯವಾದ ಮೇಲೆ ಒಡವೆಯೊಂದೊಂದಕ್ಕೂ ಆರು ಅಕ್ಷರ-ಅಂಕಿಗಳ ಬೇರೆ ಬೇರೆ ಸಂಖ್ಯೆ ಬಂದಿದೆ. ಆ ಸಂಖ್ಯೆಯನ್ನು ಹಿಡಿದು ಹೋದರೆ ಮಾರಿದ ಅಂಗಡಿಯೂ ತಿಳಿಯುತ್ತದೆ, ಒರೆಹಚ್ಚಿದ ಕೇಂದ್ರವೂ ತಿಳಿಯುತ್ತದೆ. ಕಾರ್ಖಾನೆಯ ಎತ್ತುಯಂತ್ರವನ್ನು ಆರು ತಿಂಗಳಿಗೊಮ್ಮೆ ಅರ್ಹ ವ್ಯಕ್ತಿಯೊಬ್ಬ ಪರೀಕ್ಷಿಸಿ ಅದರ ವಿವರವನ್ನು ದಾಖಲೆ ಪುಸ್ತಕದಲ್ಲಿ ಇಡಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿತ್ತು. ಕಾಲು ಕಿಲೋ ಸೊಪ್ಪಿಗೆ, ಎರಡು ಗ್ರಾಂ ಚಿನ್ನಕ್ಕೆ ಇರುವ ಈ ಎಚ್ಚರ, ಲಕ್ಷಾಂತರ ಜನರ ಅನ್ನದ ಬಾಗಿಲಾದ ಜಾಲತಾಣಕ್ಕೆ ಬೇಡವೇ?

ಹೆಸರಿನ ಗೊಡವೆ ಯಾತಕ್ಕೆ, ಪ್ರಮಾಣಪತ್ರವಿದ್ದರೆ ಸಾಲದೆ ಎನ್ನುವವರು ಕರಾಚಿಯ ಕಥೆಯನ್ನು ನೆನೆಯಬೇಕು. 2012ರ ಸೆಪ್ಟೆಂಬರ್ 11ರಂದು ಆ ನಗರದ ಬಾಲ್ಡಿಯಾ ಟೌನಿನ ಅಲಿ ಎಂಟರ್‌ಪ್ರೈಸಸ್ ಎಂಬ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಕಿಟಕಿಗಳಿಗೆ ಸರಳು, ಹೊರಬರುವ ಬಾಗಿಲುಗಳಿಗೆ ಬೀಗ. ಆ ಕಾರ್ಖಾನೆ ಕಾರ್ಮಿಕರ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡಕ್ಕೆ ಅನುಗುಣವಾಗಿದೆ ಎಂಬ ಪ್ರಮಾಣಪತ್ರ ಅದಕ್ಕೆ ಕೆಲವೇ ವಾರಗಳ ಹಿಂದೆ ಸಿಕ್ಕಿತ್ತು! ಪತ್ರ ಕೊಟ್ಟದ್ದು ಇಟಲಿಯ ರೀನಾ ಸಂಸ್ಥೆ; ಸ್ಥಳದ ತಪಾಸಣೆಯನ್ನು ಮಾಡಿದ್ದು ಅದರ ಪರವಾಗಿ ಅಲ್ಲಿಯ ಇನ್ನೊಂದು ಸಂಸ್ಥೆ. ಪತ್ರದ ಮೇಲಿನ ಹೆಸರು ಒಬ್ಬರದು, ಒಳಗೆ ಹೋಗಿ ನೋಡಿದ ಕಣ್ಣು ಇನ್ನೊಬ್ಬರದು. ಬೆಂಕಿ ಆರಿದ ಮೇಲೆ ಹೊಣೆಗಾರರನ್ನು ಹುಡುಕುತ್ತ ಸತ್ತವರ ಬಂಧುಗಳು ದೇಶದಿಂದ ದೇಶಕ್ಕೆ ಅಲೆಯಬೇಕಾಯಿತು. ಪ್ರಮಾಣಪತ್ರವನ್ನು ಯಾರು ಕೊಟ್ಟರು, ನಿಜವಾಗಿ ನೋಡಿದವರು ಯಾರು, ಹಣ ಕೊಟ್ಟವರು ಯಾರು ಎಂಬುದು ಮೊದಲೇ ಬಹಿರಂಗವಾಗಿ ದಾಖಲಾಗದಿದ್ದರೆ ಬಡವನ ಪಾಲಿಗೆ ಆ ಕಾಗದ ಬರಿಯ ಕಾಗದವಲ್ಲ, ಬಲೆ.

ಜಾಲತಾಣದಿಂದ ಯಾರೂ ಬೆಂಕಿಗೆ ಬೀಳುವುದಿಲ್ಲ ನಿಜ. ಆದರೆ ಅದೇ ಬಗೆಯ ವ್ಯಾಪಾರ ಇಲ್ಲಿಯೂ ನಡೆದಿದೆ. ಪುಟಕ್ಕೆ ಒಂದು ಸಾಲು ಸೇರಿಸಿದರೆ ಸಾಕು, ಕೃತಕ ಬುದ್ಧಿಯ ಯಂತ್ರ ಎಲ್ಲವನ್ನೂ ತಾನೇ ಸರಿಪಡಿಸಿ ಯಾವ ತಾಣವನ್ನಾದರೂ ಮಾನದಂಡಕ್ಕೆ ತರುತ್ತದೆ ಎಂದು ಸಾರಿ ಮಾರುತ್ತಿದ್ದ ಆಕ್ಸೆಸಿಬಿ ಎಂಬ ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಕ್ರಮ ಕೈಗೊಂಡಿತು; ಕಂಪನಿ ಹತ್ತು ಲಕ್ಷ ಡಾಲರು ತೆರಬೇಕೆಂಬ ಆದೇಶವಾಯಿತು. ಆ ಮಾತಿಗೆ ಆಧಾರವಿರಲಿಲ್ಲ ಎಂಬುದು ಕಮಿಷನ್ನಿನ ಒಂದು ಆರೋಪ. ಇನ್ನೊಂದು ಆರೋಪ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು: ಕಂಪನಿಯೊಡನೆ ಸಂಬಂಧವಿದ್ದವರ ಹೊಗಳಿಕೆಯನ್ನು ನಿಷ್ಪಕ್ಷಪಾತಿಗಳ ಅಭಿಪ್ರಾಯವೆಂಬಂತೆ ತೋರಿಸಲಾಗಿತ್ತು ಎಂಬುದು. ಹೇಳುವವನು ಯಾರು, ಅವನಿಗೂ ಮಾರುವವನಿಗೂ ಸಂಬಂಧವೇನು ಎಂಬುದು ಮರೆಯಾದರೆ ಎಂಥ ಮೋಸಕ್ಕೆ ದಾರಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹೆಸರು ದಾಖಲಿಸುವುದು ಅಸಾಧ್ಯದ ಕೆಲಸವೂ ಅಲ್ಲ. ಪರೀಕ್ಷೆಯ ಫಲಿತಾಂಶವನ್ನು ಯಂತ್ರವೂ ಓದುವಂತೆ ಬರೆದಿಡುವ ಒಂದು ಕ್ರಮವನ್ನು ಅದೇ ಅಂತರರಾಷ್ಟ್ರೀಯ ಸಂಸ್ಥೆ ವರ್ಷಗಟ್ಟಲೆ ಚರ್ಚಿಸಿ 2017ರಲ್ಲಿ ಟಿಪ್ಪಣಿಯಾಗಿ ಪ್ರಕಟಿಸಿತು. ಅದರಲ್ಲಿ ಮೊದಲನೆಯ ಅಂಕಣವೇ 'ಹೇಳುವವನು ಯಾರು' ಎಂಬುದು. ಆಮೇಲೆ ಯಾವುದನ್ನು ಪರೀಕ್ಷಿಸಲಾಯಿತು, ಯಾವ ನಿಯಮದಂತೆ, ಫಲ ಏನು. ಮನುಷ್ಯ ಪರೀಕ್ಷಿಸಿದನೋ ಯಂತ್ರ ಪರೀಕ್ಷಿಸಿತೋ ಎಂಬುದಕ್ಕೂ ಜಾಗವುಂಟು. ಅದೇ ವರ್ಷ ವಿದ್ಯುನ್ಮಾನ ಪುಸ್ತಕಗಳಿಗಾಗಿ ಬಂದ ನಿಯಮದಲ್ಲಿ, ಪುಸ್ತಕವನ್ನು ದೃಢೀಕರಿಸಿದವರ ಹೆಸರು, ಅವರ ಅರ್ಹತೆ, ಅವರ ವರದಿ ಸಿಗುವ ಜಾಗ ಈ ಮೂರನ್ನೂ ಪುಸ್ತಕದೊಳಗೇ ಬರೆದಿಡಲು ಅಂಕಣಗಳನ್ನು ಗೊತ್ತುಪಡಿಸಿದರು. ಯುರೋಪಿನ ಒಕ್ಕೂಟದ 2016ರ ಶಾಸನದ ಪ್ರಕಾರ ಅಲ್ಲಿಯ ಸರಕಾರಿ ತಾಣಗಳು ಒಂದು ಹೇಳಿಕೆಯನ್ನು ಪ್ರಕಟಿಸಬೇಕು. ಅದರ ಮಾದರಿಯಲ್ಲಿ, ಪರೀಕ್ಷೆಯನ್ನು ಇಲಾಖೆ ತಾನೇ ಮಾಡಿಕೊಂಡಿತೋ ಹೊರಗಿನವರಿಂದ ಮಾಡಿಸಿತೋ ಎಂಬುದನ್ನು ತಿಳಿಸಬೇಕು, ಎಲ್ಲೆಲ್ಲಿ ನಿಯಮ ಪಾಲನೆಯಾಗಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು, ದೂರು ಎಲ್ಲಿ ಕೊಡಬೇಕೆಂಬುದನ್ನೂ ಹೇಳಬೇಕು. ಅಂಕಣ ಸಿದ್ಧವಾಗಿದೆ, ತುಂಬುವ ಮನಸ್ಸು ಬೇಕು, ಅಷ್ಟೆ.

ನಮ್ಮ ದೇಶದಲ್ಲಿ ಏನಾಗಿದೆ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯ 42ನೆಯ ಕಲಮಿನ ಪ್ರಕಾರ ಮಾಹಿತಿ ಮತ್ತು ಸಂಪರ್ಕ ಸಾಧನಗಳು ಅಂಗವಿಕಲರಿಗೆ ಎಟುಕುವಂತೆ ಮಾಡುವುದು ಸರಕಾರದ ಕರ್ತವ್ಯ. 46ನೆಯ ಕಲಮು ಸರಕಾರಿಯಾಗಲಿ ಖಾಸಗಿಯಾಗಲಿ ಸೇವೆ ಒದಗಿಸುವವರೆಲ್ಲರಿಗೂ ನಿಯಮ ಬಂದ ಎರಡು ವರ್ಷದೊಳಗೆ ಸರಿಪಡಿಸಿಕೊಳ್ಳಬೇಕೆಂದು ಗಡುವು ಹಾಕಿತು. ನಿಯಮಗಳು 2017ರ ಜೂನಿನಲ್ಲಿ ಬಂದವು. ಗಡುವು 2019ಕ್ಕೇ ತೀರಿತು. ಉಲ್ಲಂಘಿಸಿದವರಿಗೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ, ಮತ್ತೆ ತಪ್ಪಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವನ್ನು 89ನೆಯ ಕಲಮು ಹೇಳುತ್ತದೆ. ಕಾಯಿದೆಯ ಹಲ್ಲು ಕಾಗದದ ಮೇಲೆ ಚೂಪಾಗಿಯೇ ಇದೆ. ಆದರೆ ಯಾರನ್ನು ಕಚ್ಚಬೇಕೆಂದು ತಿಳಿಯುವುದು ಹೇಗೆ?

ನ್ಯಾಯಾಲಯಗಳು ಮಾತಾಡದೆ ಇಲ್ಲ. ರಾಜೀವ್ ರತೂರಿ ಎಂಬ ದೃಷ್ಟಿಹೀನರು 2005ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ತೀರ್ಪು ಕೊಟ್ಟು, ಕಡ್ಡಾಯದ ನಿಯಮವಾಗಬೇಕಾದುದನ್ನು ಬರಿಯ ಮಾರ್ಗದರ್ಶನವಾಗಿ ಬಿಟ್ಟ ಆ ನಿಯಮಾವಳಿಯ 15(1)ನೆಯ ನಿಯಮ ಮೂಲ ಕಾಯಿದೆಗೇ ವಿರುದ್ಧವೆಂದು ಸಾರಿತು. ಕಡ್ಡಾಯದ ನಿಯಮಗಳನ್ನು ಬೇರ್ಪಡಿಸಿ ರೂಪಿಸಲು ಸರಕಾರಕ್ಕೆ ಮೂರು ತಿಂಗಳ ಅವಧಿ ಕೊಟ್ಟಿತು. ಹತ್ತೊಂಬತ್ತು ವರ್ಷ ಒಬ್ಬ ಮನುಷ್ಯ ಕಾದುದರ ಫಲ ಇದು. ಮತ್ತೆ 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಆಸಿಡ್ ದಾಳಿಗೆ ಗುರಿಯಾಗಿ ಮುಖ, ಕಣ್ಣು ಸುಟ್ಟವರು ಬ್ಯಾಂಕಿನಲ್ಲಿ ಗುರುತು ತೋರಿಸಲು ಕ್ಯಾಮರಾ ಮುಂದೆ ಕಣ್ಣು ಮಿಟುಕಿಸಬೇಕೆಂಬ ಕ್ರೂರ ನಿಯಮದಿಂದ ಹುಟ್ಟಿದ ಮೊಕದ್ದಮೆ ಅದು. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದು ನ್ಯಾಯಾಲಯ ಹೇಳಿತು. ಅರ್ಹತೆ ಪಡೆದ ತಜ್ಞರಿಂದ ಕಾಲಕಾಲಕ್ಕೆ ತಪಾಸಣೆ ಮಾಡಿಸಬೇಕು, ಪರೀಕ್ಷೆಯಲ್ಲಿ ಅಂಧರನ್ನೂ ಸೇರಿಸಿಕೊಳ್ಳಬೇಕು ಎಂದು ನಿರ್ದೇಶಿಸಿತು.

ಇದು ಸ್ವಾಗತಾರ್ಹವೇ. ಆದರೆ ತಪಾಸಣೆ ನಡೆಯಿತೆಂದು ನಮಗೆ ತಿಳಿಸುವವರಾರು? ತಪಾಸಣೆ ಕಡ್ಡಾಯವಾದ ಕೂಡಲೇ ತಪಾಸಣೆಯ ಪತ್ರ ಮಾರುವ ಅಂಗಡಿಗಳೂ ಏಳುತ್ತವೆ ಎಂಬುದು ನಮ್ಮ ದೇಶದ ಅನುಭವ. ವಾಹನದ ಹೊಗೆ ಪರೀಕ್ಷೆಯ ಚೀಟಿ ಹೇಗೆ ಸಿಗುತ್ತದೆಂದು ಬಲ್ಲ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಮಂತ್ರಾಲಯಕ್ಕೆ ಸೇರಿದ ಎಸ್.ಟಿ.ಕ್ಯು.ಸಿ. ಎಂಬ ನಿರ್ದೇಶನಾಲಯವಿದೆ, ಮಾರ್ಗಸೂಚಿಯಂತೆ ಜಾಲತಾಣಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಹೆಸರಿರುವ, ವಿಳಾಸವಿರುವ ಸಂಸ್ಥೆ ಪತ್ರ ಕೊಡುವುದು ಸರಿಯಾದ ಹೆಜ್ಜೆಯೇ. ಆದರೆ ಪುಟ ನೋಡುವ ಸಾಮಾನ್ಯನಿಗೆ ಇಂಥ ಪತ್ರ ಪಡೆದ ತಾಣಕ್ಕೂ ತನ್ನ ಬೆನ್ನು ತಾನೇ ತಟ್ಟಿಕೊಂಡ ತಾಣಕ್ಕೂ ವ್ಯತ್ಯಾಸ ಕಾಣುವಂತಿರಬೇಕು. ತಾರೀಖೂ ಕಾಣುವಂತಿರಬೇಕು, ಏಕೆಂದರೆ ಜಾಲತಾಣ ಕಲ್ಲಿನ ಕಟ್ಟಡವಲ್ಲ. ಇಂದು ಪರೀಕ್ಷಿಸಿದ ಪುಟಕ್ಕೆ ನಾಳೆ ಹೊಸ ಅರ್ಜಿ ನಮೂನೆ ಬಂದು ಸೇರುತ್ತದೆ, ನಾಡಿದ್ದು ಮಂತ್ರಿಗಳ ಭಾವಚಿತ್ರ ಓಡಾಡಲು ತೊಡಗುತ್ತದೆ; ಹಳೆಯ ಪತ್ರ ಮಾತ್ರ ಗೋಡೆಯ ಮೇಲೆ ತೂಗುತ್ತಲೇ ಇರುತ್ತದೆ.

ಕನ್ನಡದ ಮಟ್ಟಿಗೆ ಇನ್ನೊಂದು ಮಾತು ಹೇಳಲೇಬೇಕು. ಇಂಗ್ಲಿಷ್ ಪುಟವನ್ನು ಪರೀಕ್ಷಿಸಿ ಕನ್ನಡ ಪುಟಕ್ಕೂ ಸೇರಿಸಿ ಮುದ್ರೆ ಒತ್ತಿದರೆ ಅದು ಕನ್ನಡಿಗನಿಗೆ ಮಾಡಿದ ಮೋಸ. ಕಂಪ್ಯೂಟರಿನಲ್ಲಿ ಪರದೆ ಓದುವ ಎನ್.ವಿ.ಡಿ.ಎ. ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಇಬ್ಬರು ಅಂಧ ಆಸ್ಟ್ರೇಲಿಯನ್ನರು 2006ರಲ್ಲಿ ಆರಂಭಿಸಿದ ಕೆಲಸ ಅದು, ಕನ್ನಡವನ್ನೂ ಓದಬಲ್ಲುದು. ಆದರೆ ಇಲಾಖೆಯವರು ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಸುತ್ತೋಲೆಯನ್ನು ಏರಿಸಿದರೆ ಯಂತ್ರಕ್ಕೆ ಅದು ಕನ್ನಡವಾಗಿ ಕಾಣದು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಬಡಬಡಿಸುತ್ತದೆ. ಆದೇಶದ ಕಾಗದವನ್ನು ಫೋಟೋ ಹಿಡಿದು ಹಾಕಿದರಂತೂ ಅದು ಮೂಕ. ಇಂಥ ದೋಷವನ್ನು ದೂರದ ಊರಿನಲ್ಲಿ ಕುಳಿತು ಯಂತ್ರದ ಗುಂಡಿ ಒತ್ತಿ ಪರೀಕ್ಷಿಸುವವನು ಕಾಣಲಾರ. ಕನ್ನಡ ಬಲ್ಲ, ಪರದೆ ಓದುವ ಯಂತ್ರವನ್ನು ದಿನವೂ ಬಳಸುವ ಅಂಧನೊಬ್ಬ ಐದು ನಿಮಿಷದಲ್ಲಿ ಕಂಡುಹಿಡಿಯುತ್ತಾನೆ. ಪರೀಕ್ಷಿಸಿದವರು ಯಾರೆಂದು ನಾವು ಕೇಳುವುದು ಇದಕ್ಕಾಗಿಯೇ. ಹೆಸರು ತಿಳಿದರೆ ಅವರಿಗೆ ಕನ್ನಡ ಬರುತ್ತಿತ್ತೇ ಎಂಬುದೂ ತಿಳಿಯುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ನಮ್ಮ ವರ್ತಕ ಮಿತ್ರರದು. 'ನಾವೂ ಈಗ ಜಾಲದಲ್ಲಿ ಸಣ್ಣ ಅಂಗಡಿ ತೆರೆದಿದ್ದೇವೆ. ಇನ್ನೊಂದು ಲೈಸೆನ್ಸು, ಇನ್ನೊಬ್ಬ ಇನ್ಸ್‌ಪೆಕ್ಟರು ಬಂದರೆ ಗತಿಯೇನು?' ಎಂಬ ಅವರ ಭಯ ಸುಳ್ಳಲ್ಲ. ಆದರೆ ನಿಮ್ಮ ಜಾಲದಂಗಡಿಯನ್ನು ಕಟ್ಟಿಕೊಟ್ಟವರು ಯಾರು? ಹಣ ತೆಗೆದುಕೊಂಡು, ಎಲ್ಲ ನಿಯಮಕ್ಕೂ ಸರಿಯಾಗಿದೆ ಎಂದು ಬಾಯಲ್ಲಿ ಹೇಳಿ ಹೋದ ಕಂಪನಿ. ನಾಳೆ ದೂರು ಬಂದರೆ ದಂಡ ಕಟ್ಟುವವರು ನೀವು. ಕಟ್ಟಿಕೊಟ್ಟವನು ತನ್ನ ಹೆಸರು, ತಾರೀಖು ಹಾಕಿ ಬರೆದುಕೊಟ್ಟಿದ್ದರೆ ಆ ಹೊಣೆ ಅವನ ಹೆಗಲಿಗೆ ಹೋಗುತ್ತಿತ್ತು. ಹೆಸರಿನ ದಾಖಲೆ ಸಣ್ಣವನಿಗೆ ಹೊರೆಯಲ್ಲ, ರಶೀದಿ. ರಶೀದಿಯಿಲ್ಲದೆ ಮಾಲು ಕೊಳ್ಳಬೇಡಿರೆಂದು ನಿಮಗೆ ನಾವು ಹೇಳಿಕೊಡಬೇಕೇ? ಮೇಲಾಗಿ ಈ ಕೆಲಸ ಸರಕಾರದಿಂದ, ಬ್ಯಾಂಕುಗಳಿಂದ, ದೊಡ್ಡ ಕಂಪನಿಗಳಿಂದ ಮೊದಲಾಗಬೇಕು, ಗೂಡಂಗಡಿಯಿಂದಲ್ಲ.

ಎರಡನೆಯ ಆಕ್ಷೇಪವನ್ನು ಕಾರ್ಮಿಕ ಸಂಘಟನೆಯ ನಮ್ಮ ಸಂಗಾತಿಯೊಬ್ಬರೇ ಎತ್ತಿದರು. ಹೆಸರು ಬರೆಯಿರಿ ಎಂದರೆ ಕಡಿಮೆ ಸಂಬಳದ ಗುತ್ತಿಗೆ ಹುಡುಗನೊಬ್ಬನ ಹೆಸರು ಬರೆದು, ತಪ್ಪಾದಾಗ ಅವನ ಕೊರಳಿಗೆ ಹಗ್ಗ ಹಾಕಿ ದೊಡ್ಡವರು ತಪ್ಪಿಸಿಕೊಳ್ಳುವುದಿಲ್ಲವೇ? ಇದು ತೂಕದ ಮಾತು. ನಾವು ಇದನ್ನು ಪೂರ್ತಿಯಾಗಿ ಒಪ್ಪುತ್ತೇವೆ. ಆದುದರಿಂದಲೇ ಒಂದೇ ಹೆಸರು ಸಾಲದು ಎನ್ನುತ್ತೇವೆ. ಪರೀಕ್ಷೆ ನಡೆಸಿದ ಸಂಸ್ಥೆ, ಅದಕ್ಕೆ ಹಣ ಕೊಟ್ಟವರು, ವರದಿಯನ್ನು ನೋಡಿ ಒಪ್ಪಿ ಸಹಿ ಹಾಕಿದ ಇಲಾಖೆಯ ಅಧಿಕಾರಿ, ಈ ಸರಪಳಿಯ ಕೊಂಡಿಗಳೆಲ್ಲ ದಾಖಲಾಗಬೇಕು. ಗುತ್ತಿಗೆ ಹುಡುಗ ಹತ್ತು ದೋಷ ಪಟ್ಟಿ ಮಾಡಿ ಕೊಟ್ಟಿದ್ದರೂ ಮೇಲಿನವನು ಅದನ್ನು ಕಪಾಟಿಗೆ ಹಾಕಿ 'ಸರಿಯಾಗಿದೆ' ಎಂದು ಮುದ್ರೆ ಒತ್ತಿದ್ದರೆ ಅದೂ ಜನರಿಗೆ ತಿಳಿಯಬೇಕು. ಆಗ ಆ ದಾಖಲೆ ಹುಡುಗನಿಗೇ ರಕ್ಷೆಯಾಗುತ್ತದೆ.

ಮೂರನೆಯದು, ಯಂತ್ರವೇ ಪರೀಕ್ಷಿಸುವಾಗ ಮನುಷ್ಯನ ಹೆಸರು ಯಾತಕ್ಕೆ ಎಂಬ ಹೊಸ ವಾದ. ಚಿತ್ರಕ್ಕೆ ವಿವರಣೆ ಇದೆಯೇ ಇಲ್ಲವೇ ಎಂಬುದನ್ನು ಯಂತ್ರ ಹೇಳೀತು. ಆ ವಿವರಣೆಯಲ್ಲಿ 'ಚಿತ್ರ 1' ಎಂದು ಬರೆದು ಕೈತೊಳೆದುಕೊಂಡಿದ್ದರೆ ಅದರಿಂದ ಅಂಧನಿಗೆ ಪ್ರಯೋಜನವಾಯಿತೇ ಎಂಬುದನ್ನು ಮನುಷ್ಯನೇ ಹೇಳಬೇಕು. ಯಂತ್ರದ ಬಳಕೆ ಬೇಡವೆಂದು ನಾವು ಹೇಳುವುದಿಲ್ಲ. ಯಂತ್ರ ಮಾತ್ರ ನೋಡಿದ್ದರೆ 'ಯಂತ್ರ ಮಾತ್ರ ನೋಡಿದೆ' ಎಂದು ಬರೆಯಿರಿ ಎನ್ನುತ್ತೇವೆ.

ಪ್ರಶ್ನೆಯ ಬೇರು ಇನ್ನೂ ಆಳದಲ್ಲಿದೆ. ಪರೀಕ್ಷೆ ಮಾಡಿಸಿಕೊಳ್ಳುವವನೇ ಪರೀಕ್ಷಕನನ್ನು ಆರಿಸಿ ಹಣ ಕೊಡುವ ಪದ್ಧತಿ ಇರುವವರೆಗೆ ಪರೀಕ್ಷಕನ ಪೆನ್ನು ಹಣದ ಕಡೆಗೇ ವಾಲುತ್ತದೆ. ಇದು ಯಾರೋ ಒಬ್ಬರ ದುಷ್ಟತನದ ಪ್ರಶ್ನೆಯಲ್ಲ, ವ್ಯವಸ್ಥೆಯ ಗುಣ. ಇದನ್ನು ಒಂದೇ ದಿನದಲ್ಲಿ ಬದಲಿಸಲು ಆಗಲಿಕ್ಕಿಲ್ಲ. ಆದರೆ ಕತ್ತಲಲ್ಲಿ ನಡೆಯುವುದನ್ನು ಬೆಳಕಿಗೆ ತರುವುದು ಮೊದಲ ಹೆಜ್ಜೆ. ಮಾಲೀಕನ ಲೆಕ್ಕದ ಪುಸ್ತಕವನ್ನು ಕಾರ್ಮಿಕರ ಮುಂದೆ ಬಿಚ್ಚಿರೆಂದು ಕೇಳುತ್ತ ಬಂದ ಚಳವಳಿ ನಮ್ಮದು. ಅದೇ ಬೇಡಿಕೆಯನ್ನು ಈ ಹೊಸ ಪುಸ್ತಕಕ್ಕೂ ಮುಂದಿಡುತ್ತೇವೆ.

ನಮ್ಮ ಒತ್ತಾಯಗಳು ಇಷ್ಟು:

1. ಮಾನದಂಡಕ್ಕೆ ಅನುಗುಣವೆಂದು ಸಾರಿಕೊಳ್ಳುವ ಪ್ರತಿಯೊಂದು ಸರಕಾರಿ ತಾಣವೂ, ಬ್ಯಾಂಕಿನ ತಾಣವೂ ಪರೀಕ್ಷಿಸಿದವರ ಹೆಸರು, ಅರ್ಹತೆ, ಹಣ ಕೊಟ್ಟವರು, ಒಪ್ಪಿದ ಅಧಿಕಾರಿಯ ಹುದ್ದೆ ಇವುಗಳನ್ನು ಅದೇ ಪುಟದಲ್ಲಿ ಪ್ರಕಟಿಸಬೇಕು.

2. ಯಾವ ಪುಟಗಳು, ಯಾವ ಆವೃತ್ತಿಯ ಮಾನದಂಡ, ಯಾವ ಮಟ್ಟ, ಯಾವ ತಾರೀಖು, ಯಾವ ದಿನದವರೆಗೆ ಎಂಬುದು ಸ್ಪಷ್ಟವಾಗಿರಬೇಕು. ಕನ್ನಡ ಪುಟಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ತೋರಿಸಬೇಕು.

3. ಕಂಡುಬಂದ ದೋಷಗಳ ಪಟ್ಟಿಯನ್ನು ಮುಚ್ಚಿಡಕೂಡದು. ಹಳೆಯ ವರದಿಗಳನ್ನು ಅಳಿಸಕೂಡದು.

4. ಪರೀಕ್ಷೆಯಲ್ಲಿ ಅಂಗವಿಕಲರೇ ಭಾಗವಹಿಸಬೇಕು. ಆ ಕೆಲಸಕ್ಕೆ ಅವರಿಗೆ ನ್ಯಾಯವಾದ ಕೂಲಿ ಕೊಡಬೇಕು. ಪುಕ್ಕಟೆ ದುಡಿಮೆಗೆ ಸನ್ಮಾನಪತ್ರ ಸಾಲದು.

5. ಈ ವಿವರಗಳೆಲ್ಲ ಸೇರಿದ ಒಂದು ಬಹಿರಂಗ ದಾಖಲೆ ಪುಸ್ತಕವನ್ನು ರಾಜ್ಯ ಸರಕಾರ ಇಡಬೇಕು. ಅದನ್ನು ಅಂಧನೂ ಓದುವಂತಿರಬೇಕೆಂದು ಬೇರೆ ಹೇಳಬೇಕಾಗಿಲ್ಲವೆಂದು ನಂಬುತ್ತೇವೆ.

ಸರಕಾರ ಕೊಡುವವರೆಗೆ ಕಾಯುತ್ತ ಕೂರುವುದು ನಮ್ಮ ಕೆಲಸವಲ್ಲ. ಮಿಲ್ಲಿನ ಯೂನಿಯನ್ನುಗಳಲ್ಲಿ, ವರ್ತಕರ ಸಂಘದಲ್ಲಿ, ವಾರ್ಡು ಸಭೆಗಳಲ್ಲಿ ಇದನ್ನು ಚರ್ಚಿಸಿರಿ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಇಂಥ ಬಾಗಿಲಿನ ಮುಂದೆ ನಿಂತು ಹಿಂದಿರುಗಿದವರಿದ್ದರೆ ಯಾವ ಪುಟ, ಯಾವ ದಿನ, ಎಲ್ಲಿ ತಡೆಯಾಯಿತು ಎಂಬುದನ್ನು ಬರೆದಿಡಿರಿ. ಮಾಹಿತಿ ಹಕ್ಕಿನ ಕಾಯಿದೆ 2005ರಿಂದ ನಮ್ಮ ಕೈಯಲ್ಲಿದೆ. ಹತ್ತು ರೂಪಾಯಿಯ ಅರ್ಜಿಯೊಂದನ್ನು ಹಾಕಿ, ಈ ತಾಣವನ್ನು ಪರೀಕ್ಷಿಸಿದವರ ಹೆಸರು ಮತ್ತು ವರದಿಯ ನಕಲು ಕೊಡಿರೆಂದು ಕೇಳಬಹುದು. ನಮ್ಮಲ್ಲಿಗೆ ಬಂದ ಹಿರಿಯರ ಪರವಾಗಿ ಅಂಥ ಅರ್ಜಿಯನ್ನು ನಾವು ಬರೆದಿದ್ದೇವೆ. ನಾವು ಓದಿ ಹೇಳಿದೆವು. ಅವರು ಎರಡು ಕಡೆ ತಿದ್ದಿಸಿ, ಕಾಗದದ ಅಂಚನ್ನು ಬೆರಳಿನಿಂದ ಹುಡುಕಿ, ತಮ್ಮ ಕೈಯಿಂದಲೇ ಸಹಿ ಮಾಡಿದರು. ಹೆಸರು, ಊರು, ತಾರೀಖು ಮೂರೂ ಅದರಲ್ಲಿವೆ.

ಕೇಳುವವನು ತನ್ನ ಹೆಸರು ಬರೆದಿದ್ದಾನೆ. ಮುದ್ರೆ ಒತ್ತಿದವರೂ ತಮ್ಮ ಹೆಸರು ಬರೆಯಲಿ.